ಹಾಡು ಅದೇ, ಕಂಠ ಬೇರೆ

ಮಾವನ ಮನೆಯ ಅಟ್ಟದಿಂದ ಇಳಿದು ಬಂದ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಹೆಸರು ದೆಸೆ ಇತ್ತು. ಭೀಮಸೇನ ಜೋಶಿಯವರ ಅಭಂಗ, ಕಾಳಿಂಗ ನಾವಡರ ಭಾಗವತಿಕೆ, ಒಂದಷ್ಟು ಭಾವಗೀತೆ. ಒಂದರ ಮೇಲೆ ಮಾತ್ರ ನೀಲಿ ಪೆನ್ನಿನಲ್ಲಿ ‘ಇಂಗ್ಲಿಷ್ ಪಿಕ್ಚರ್ ಸಾಂಗ್ಸ್, 86’ ಎಂದಷ್ಟೇ ಬರೆದಿತ್ತು. ಯಾವ ಪಿಕ್ಚರ್, ಯಾರ ಸಾಂಗ್ಸ್, ಒಂದೂ ಇಲ್ಲ. ನಾನು ಹುಡುಕುತ್ತಿದ್ದುದು ಅದನ್ನೇ.

ಸಾಗರದಲ್ಲಿ ಆಗ ವಿಸಿಆರ್ ಬಾಡಿಗೆಗೆ ತರುವುದೆಂದರೆ ಸಣ್ಣ ಹಬ್ಬ. ಒಂದು ರಾತ್ರಿಗೆ ಕಲರ್ ಟಿವಿ, ವಿಸಿಆರ್, ಜತೆಗೆ ಮೂರ್ನಾಲ್ಕು ಪಿಕ್ಚರ್. ಕನ್ನಡದ್ದೊಂದು, ಹಿಂದಿಯದೊಂದು ಮುಗಿದು ದೊಡ್ಡವರೆಲ್ಲ ಮಲಗಿದ ಮೇಲೆ ಮಾವ ತಮಗೆ ಬೇಕಾದ ಇಂಗ್ಲಿಷ್ ಪಿಕ್ಚರ್ ಹಾಕುತ್ತಿದ್ದರು. ಹಾಡು ಬರುವ ಹೊತ್ತಿಗೆ ಟೇಪ್ ರೆಕಾರ್ಡರನ್ನು ಟಿವಿಯ ಸ್ಪೀಕರಿಗೆ ಮುಖಮಾಡಿ ಇಟ್ಟು, ಕೆಂಪು ಗುಂಡಿ ಒತ್ತಿ, ಬಾಯಿ ಮುಚ್ಚಿಕೊಂಡಿರಿ ಎಂದು ನಮಗೆ ಕಣ್ಣಲ್ಲೇ ಹೇಳುತ್ತಿದ್ದರು. ಆ ಕ್ಯಾಸೆಟ್ಟು ಆಮೇಲೆ ವರ್ಷಗಟ್ಟಲೆ ಮನೆಯಲ್ಲಿ ಓಡಿತು. ಅದರಲ್ಲಿದ್ದ ಒಂದು ಹಾಡಿನ ಪಲ್ಲವಿಯ ಧಾಟಿ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮಾತು ಒಂದೂ ನೆನಪಿಲ್ಲ. ಮಾತು ಆಗ ಅರ್ಥವೂ ಆಗಿರಲಿಲ್ಲ ಅನ್ನಿ. ಗಂಡಸಿನ ತುಂಬು ಕಂಠ, ಹಿಂದೆ ಮೂರ್ನಾಲ್ಕು ಜನರ ಕೂಡುದನಿ, ಕೆಳಗೆ ಜನರ ಕೇಕೆ.

ಕ್ಯಾಸೆಟ್ ನೇರವಾಗಿ ಹಾಕಿದರೆ ಓಡುವ ಸ್ಥಿತಿಯಲ್ಲಿರಲಿಲ್ಲ. ರೀಲನ್ನು ಸದ್ದು ಓದುವ ಹೆಡ್ಡಿಗೆ ಒತ್ತಿ ಹಿಡಿಯಲೆಂದು ಒಳಗೆ ತಗಡಿನ ಸ್ಪ್ರಿಂಗಿನ ಮೇಲೆ ಪುಟ್ಟ ಫೆಲ್ಟಿನ ಚೂರೊಂದು ಅಂಟಿಸಿರುತ್ತಾರೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಗೋಂದು ಒಣಗಿ ಅದು ಉದುರುತ್ತದೆ. ಆಗ ರೀಲು ಹೆಡ್ಡಿಗೆ ಸರಿಯಾಗಿ ತಾಗದೆ ಮೇಲಿನ ಸ್ವರಗಳೆಲ್ಲ ಮಾಯವಾಗಿ, ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚುವುದು ಸುಲಭ. ಇದು ಅಂಚು ಬೆಸೆದ ಅಗ್ಗದ ಮಾಲು. ಬ್ಲೇಡಿನಿಂದ ಅಂಚನ್ನು ಸುತ್ತಲೂ ಸೀಳಿ, ಎರಡು ಚಕ್ರಗಳನ್ನೂ ರೀಲಿನ ಸಮೇತ ಎತ್ತಿ, ಸ್ಕ್ರೂ ಇರುವ ಇನ್ನೊಂದು ಖಾಲಿ ಕ್ಯಾಸೆಟ್ಟಿನ ಹೊಟ್ಟೆಗೆ ಇಳಿಸಿದೆ. ರೀಲಿನ ಅಗಲ ನಾಲ್ಕು ಮಿಲಿಮೀಟರಿಗೂ ಕಮ್ಮಿ. ಫ್ಯಾನ್ ಆರಿಸಿ ಈ ಕೆಲಸ ಮಾಡಬೇಕು. ಆಮೇಲೆ ಡೆಕ್ಕಿನ ಹೆಡ್ಡನ್ನು ಹತ್ತಿ, ಸ್ಪಿರಿಟ್ಟಿನಿಂದ ಒರೆಸಿ, ಕಂಪನಿ ಕ್ಯಾಸೆಟ್ಟೊಂದನ್ನು ಹಾಕಿ ವೇಗ ಸರಿಯಿದೆಯೇ ನೋಡಿಕೊಂಡು, ತಂತಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎರಡೂ ಬದಿಯನ್ನು ಒಂದೇ ಓಟದಲ್ಲಿ ಇಳಿಸಿಕೊಂಡೆ. ಹಳೆಯ ರೀಲನ್ನು ಹಿಂದೆ ಮುಂದೆ ಓಡಿಸಿದಷ್ಟೂ ಸವೆಯುತ್ತದೆ. ಹಾಗಾಗಿ ಮೊದಲು ಪೂರ್ತಿ ಇಳಿಸಿಟ್ಟು, ರಿಪೇರಿಯನ್ನೆಲ್ಲ ಪ್ರತಿಯ ಮೇಲೆ ಮಾಡುವುದು ಒಳ್ಳೆಯದು.

ಹಾಡು ಸಿಕ್ಕಿತು. ಕುಕ್ಕರಿನ ಸೀಟಿ ಇಲ್ಲ, ಪುಣ್ಯ, ಮಧ್ಯರಾತ್ರಿಯಲ್ಲವೇ. ಯಾರೋ ಕೆಮ್ಮಿದ್ದು, ಹೊರಗೆ ನಾಯಿ ಬೊಗಳಿದ್ದು, ಎಲ್ಲಕ್ಕಿಂತ ಕೆಳಗೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಅದು ಟಿವಿಯ ಸ್ಟೆಬಿಲೈಸರಿನದು. ಎಂಬತ್ತರ ದಶಕದ ಟಿವಿ ನೋಡಿದವರಿಗೆ ಆ ಗುಂಯ್‌ಗುಟ್ಟುವಿಕೆಯನ್ನು ಪರಿಚಯಿಸಬೇಕಿಲ್ಲ. ಆ ಸದ್ದು ಮುಂದೆ ದೊಡ್ಡ ಉಪಕಾರ ಮಾಡಿತು.

ಫೋನಿನಲ್ಲಿ ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿದೆ. ಏನೂ ಸಿಗಲಿಲ್ಲ. ಇನ್ನೊಂದಕ್ಕೆ ಕೇಳಿಸಿದೆ, ಅದೇ ಕಥೆ. ಗದ್ದಲ ಜಾಸ್ತಿಯಾಯಿತೇನೋ ಎಂದು ಸದ್ದು ಬಸಿದು ಕೊಟ್ಟರೂ ಇಲ್ಲ. ಅಸಲಿಗೆ ಗದ್ದಲಕ್ಕೆ ಈ ಆ್ಯಪ್‌ಗಳು ಅಷ್ಟಾಗಿ ಹೆದರುವುದಿಲ್ಲ. ಹೋಟೆಲಿನ ಗಲಾಟೆಯಲ್ಲೂ ಹಿಡಿದುಕೊಡುತ್ತವೆ. ಅವು ಮಾಡುವುದು ಇಷ್ಟು: ಯಾವ ಕ್ಷಣದಲ್ಲಿ ಯಾವ ಕಂಪನಾಂಕ ಎದ್ದು ನಿಲ್ಲುತ್ತದೆ ಎಂಬ ಚುಕ್ಕಿಗಳನ್ನು ಗುರುತಿಸಿ, ಚುಕ್ಕಿ ಚುಕ್ಕಿಗಳ ನಡುವಿನ ಅಂತರವನ್ನು ತಮ್ಮ ಉಗ್ರಾಣದಲ್ಲಿರುವ ಧ್ವನಿಮುದ್ರಣಗಳ ಜತೆ ತಾಳೆ ನೋಡುತ್ತವೆ. ಟೇಪಿನ ವೇಗ ತಪ್ಪಿದ್ದರೆ ಚುಕ್ಕಿಗಳೆಲ್ಲ ಜಾಗ ಬಿಟ್ಟು ಸರಿಯುತ್ತವೆ, ತಾಳೆಯಾಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಅವು ಹುಡುಕುವುದು ಹಾಡನ್ನಲ್ಲ, ಆ ಹಾಡಿನ ಒಂದು ನಿರ್ದಿಷ್ಟ ಮುದ್ರಣವನ್ನು. ಉಗ್ರಾಣದಲ್ಲಿ ಆ ಮುದ್ರಣವೇ ಇಲ್ಲದಿದ್ದರೆ ಎಷ್ಟು ಸ್ವಚ್ಛವಾಗಿ ಕೇಳಿಸಿದರೂ ದಂಡ.

ಗೂಗಲ್ 2020ರಲ್ಲಿ ಬೇರೆಯದೇ ಒಂದು ಸೌಲಭ್ಯ ಬಿಟ್ಟಿತು. ಹಾಡನ್ನು ಗುನುಗಿದರೆ ಸಾಕು, ಅದು ವಾದ್ಯ, ಕಂಠ, ಮಾತು ಎಲ್ಲವನ್ನೂ ಕಳಚಿ ಸ್ವರದ ಏರಿಳಿತವನ್ನಷ್ಟೇ ಹಿಡಿದು ಹುಡುಕುತ್ತದೆ. ಹೆಂಡತಿ ಮಕ್ಕಳು ಹೊರಗೆ ಹೋದ ಹೊತ್ತು ನೋಡಿ ಪಲ್ಲವಿಯನ್ನು ಫೋನಿಗೆ ಗುನುಗಿದೆ. ಸಾಧ್ಯತೆಗಳ ಪಟ್ಟಿ ಬಂತು. ಮೇಲೆಯೇ ಇತ್ತು: ‘ಐ ಕ್ಯಾನ್ ಡ್ರೀಮ್ ಅಬೌಟ್ ಯೂ’, ಡ್ಯಾನ್ ಹಾರ್ಟ್‌ಮನ್, 1984. ಒತ್ತಿದೆ. ಧಾಟಿ ಅದೇ. ಕೂಡುದನಿಯ ಜಾಗ ಅದೇ. ಪಲ್ಲವಿಗೆ ಜಿಗಿಯುವ ಎತ್ತುಗಡೆ ಅದೇ.

ಕಂಠ ಮಾತ್ರ ಅದಲ್ಲ.

ಸುಮಾರು ನಲವತ್ತು ವರ್ಷದ ನೆನಪು ಮೋಸ ಮಾಡಿತು ಅನ್ನೋಣವೆಂದರೆ ಟೇಪು ಎದುರಿಗೇ ಇತ್ತು. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆ. ಹಾರ್ಟ್‌ಮನ್‌ದು ನಯವಾದ, ಉಸಿರು ಹೆಚ್ಚಿರುವ, ಪಾಲಿಶ್ ಮಾಡಿದಂಥ ಗಾಯನ. ಟೇಪಿನಲ್ಲಿರುವವನದು ಎದೆಯಿಂದ ಬರುವ ದನಿ.

ಯೂಟ್ಯೂಬಿನಲ್ಲಿ ಹಾಡಿನ ಆ ಕಾಲದ ವೀಡಿಯೊ ಇದೆ. ಅದನ್ನು ನೋಡಿದ ಮೇಲೆ ತಲೆ ಇನ್ನಷ್ಟು ಕೆಟ್ಟಿತು. ವೇದಿಕೆಯ ಮೇಲೆ ನಾಲ್ವರು ಕಪ್ಪು ಯುವಕರು ಒಂದೇ ಹೆಜ್ಜೆ ಹಾಕಿ ಹಾಡುತ್ತಿದ್ದಾರೆ. ಮುಂದೆ ನಿಂತವನ ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ. ಕೇಳುತ್ತಿರುವುದು ಹಾರ್ಟ್‌ಮನ್ ಕಂಠ, ಅಂದರೆ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗಿನ ಹತ್ತಿರ ಹುಟ್ಟಿದ ಬಿಳಿಯನ ಕಂಠ. ಇದೇ ಹಾಡಿಗೆ ಇನ್ನೊಂದು ವೀಡಿಯೊ ಇದೆ. ಅದರಲ್ಲಿ ಹಾರ್ಟ್‌ಮನ್ ತಾನೇ ಬಾರ್‌ನಲ್ಲಿ ಮದ್ಯ ಸುರಿಯುವವನಾಗಿ ಕಾಣಿಸಿಕೊಂಡು ಹಾಡುತ್ತಾನೆ. ಮೊದಲಿನ ವೀಡಿಯೊದ ದೃಶ್ಯ ಒಂದು ಸಿನಿಮಾದ್ದು ಎಂಬುದು ನೋಡಿದರೇ ತಿಳಿಯುತ್ತಿತ್ತು. ಮಾವನಿಗೆ ಫೋನ್ ಮಾಡಿದೆ.

“ಮಾವ, ಎಂಬತ್ತಾರರ ಕ್ಯಾಸೆಟ್ಟಲ್ಲಿರೋದು ಯಾವ ಪಿಕ್ಚರಿನ ಹಾಡು?”

“ಹೆಸರು ಯಾರಿಗೆ ನೆನಪಿರ್ತದೆ ಮಾರಾಯ. ಹಾಡೋ ಹುಡುಗೀನ ಬೈಕ್ ಗ್ಯಾಂಗಿನವ್ರು ಹೊತ್ಕಂಡು ಹೋಗ್ತಾರೆ. ಅವಳ ಹಳೇ ಲವರ್ ಬಂದು ಬಿಡಿಸ್ಕಂಡು ಬರ್ತಾನೆ. ಕೊನೇಲಿ ಅವ್ನೂ ಗ್ಯಾಂಗಿನ ಲೀಡರೂ ಕಲ್ಲೊಡೆಯೋ ಸುತ್ತಿಗೆ ಹಿಡ್ಕಂಡು ಹೊಡೆದಾಟ.”

ಅನುಮಾನವೇ ಉಳಿಯಲಿಲ್ಲ. ‘ಸ್ಟ್ರೀಟ್ಸ್ ಆಫ್ ಫೈರ್’. ವಾಲ್ಟರ್ ಹಿಲ್ ನಿರ್ದೇಶನ, 1984ರ ಜೂನ್ 1ರಂದು ಅಮೆರಿಕದಲ್ಲಿ ಬಿಡುಗಡೆ. ಹಾಡುಗಾರ್ತಿ ಎಲೆನ್ ಏಮ್ ಆಗಿ ಡಯಾನ್ ಲೇನ್, ಹಳೇ ಲವರ್ ಮೈಕೆಲ್ ಪಾರೆ, ಬೈಕ್ ಗ್ಯಾಂಗಿನ ನಾಯಕ ವಿಲೆಮ್ ಡಫೋ. ಸುಮಾರು ಒಂದೂವರೆ ಕೋಟಿ ಡಾಲರ್ ಸುರಿದ ಚಿತ್ರ ಅಮೆರಿಕದಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಹೇಗೋ ಗಳಿಸಿ ಮಲಗಿತು. ಚಿತ್ರ ಮಲಗಿದರೂ ಹಾರ್ಟ್‌ಮನ್ ಸಿಂಗಲ್, ಅಂದರೆ ಆ ಹಾಡಿನ ಬಿಡಿ ರೆಕಾರ್ಡು, ಎದ್ದಿತು. ಆ ಆಗಸ್ಟಿನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 6ನೇ ಸ್ಥಾನದವರೆಗೆ ಹೋಯಿತು. ಸಿನಿಮಾ ನೋಡದವರ ಬಾಯಲ್ಲೂ ಹಾಡಿತ್ತು ಎಂದಾಯಿತು.

ಡಿಸ್ಕ್ ತರಿಸಿ ಚಿತ್ರದ ಕೊನೆಯ ಕಾರ್ಯಕ್ರಮದ ದೃಶ್ಯಕ್ಕೆ ಓಡಿಸಿದೆ. ಅದೇ ನಾಲ್ವರು, ಅದೇ ಹೆಜ್ಜೆ, ಅದೇ ತುಟಿ. ಕಂಠ ಮಾತ್ರ ನಮ್ಮ ಟೇಪಿನದು! ಆ ಕ್ಷಣ ಕೂತಲ್ಲೇ ನಕ್ಕುಬಿಟ್ಟೆ.

ವಿಷಯ ಹೀಗಿದೆ. ಚಿತ್ರದಲ್ಲಿ ಆ ನಾಲ್ವರ ತಂಡದ ಹೆಸರು ‘ದಿ ಸೊರೆಲ್ಸ್’. ತಂಡವೇ ಕಾಲ್ಪನಿಕ. ನಾಲ್ವರೂ ನಟರು: ಸ್ಟೋನಿ ಜಾಕ್ಸನ್, ರಾಬರ್ಟ್ ಟೌನ್‌ಸೆಂಡ್, ಗ್ರ್ಯಾಂಡ್ ಬುಷ್, ಮೈಕೆಲ್ಟಿ ವಿಲಿಯಮ್ಸನ್. (ಕೊನೆಯವನೇ ಹತ್ತು ವರ್ಷದ ಮೇಲೆ ‘ಫಾರೆಸ್ಟ್ ಗಂಪ್’ನಲ್ಲಿ ಸಿಗಡಿ ಅಡುಗೆಗಳ ಪಟ್ಟಿ ಒಪ್ಪಿಸುವ ಬಬ್ಬಾ.) ಹಾಡು ಬರೆದವನು ಹಾರ್ಟ್‌ಮನ್. ಸಿನಿಮಾಕ್ಕಾಗಿ ಅದನ್ನು ಹಾಡಿದವನು ವಿನ್‌ಸ್ಟನ್ ಫೋರ್ಡ್. ಅವನ ದನಿಗೆ ತುಟಿ ಆಡಿಸಿದವನು ಜಾಕ್ಸನ್. ಆದರೆ ಎಂಸಿಎ ಎಂಬ ರೆಕಾರ್ಡ್ ಕಂಪನಿ ಚಿತ್ರಗೀತೆಗಳ ಎಲ್‌ಪಿ ರೆಕಾರ್ಡು ತಂದಾಗ ಅದರಲ್ಲಿ ಇದ್ದುದು ಹಾರ್ಟ್‌ಮನ್ ಸ್ವತಃ ಹಾಡಿದ ಮುದ್ರಣ. ಸಿಂಗಲ್ಲಿನಲ್ಲೂ ಅದೇ. ವೀಡಿಯೊದಲ್ಲಿ ಜಾಕ್ಸನ್ನನ ತುಟಿಗೆ ಹಾರ್ಟ್‌ಮನ್ ಕಂಠ ಹೊಲಿದರು. ಫೋರ್ಡನ ಕಂಠ ಸಿನಿಮಾದ ಒಳಗೇ ಉಳಿಯಿತು. ಟಿವಿ ಸ್ಪೀಕರಿನ ಮುಂದೆ ರೆಕಾರ್ಡರ್ ಇಟ್ಟ ನಮ್ಮ ಮಾವನಂಥವರ ಮನೆಗೆ ಮಾತ್ರ ಅದು ಬಂತು.

ನಮಗೆ ಪರದೆಯ ಮೇಲಿನವರೇ ಹಾಡಬೇಕೆಂಬ ನಿರೀಕ್ಷೆ ಎಂದೂ ಇರಲಿಲ್ಲ. ರಾಜ್‌ಕುಮಾರ್ ತಾವೇ ಹಾಡಲು ಶುರುಮಾಡುವ ತನಕ ಅವರ ಕಂಠ ಪಿ.ಬಿ. ಶ್ರೀನಿವಾಸ್ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದುದರಿಂದ ಇಬ್ಬರ ಮೇಲೂ ಅಭಿಮಾನ ಇತ್ತು. ರೇಡಿಯೊದಲ್ಲಿ ಹಾಡು ಹಾಕುವ ಮುಂಚೆ ಚಿತ್ರ, ರಚನೆ, ಸಂಗೀತ, ಗಾಯಕರು ಎಂದು ಸಾಲಾಗಿ ಹೇಳುತ್ತಿದ್ದರು. ಪರದೆಯಲ್ಲಿ ಕೇಳಿದ ಕಂಠವೇ ರೆಕಾರ್ಡಿನಲ್ಲೂ ಇರುತ್ತಿತ್ತು. ಆದ್ದರಿಂದ ಹಾಲಿವುಡ್ಡಿನವರು ಬೇರೆಯವರಿಂದ ಹಾಡಿಸಿದ್ದು ನನಗೆ ಏನೂ ಅನ್ನಿಸಲಿಲ್ಲ. ಸಿನಿಮಾಕ್ಕೆ ಒಬ್ಬ, ರೆಕಾರ್ಡಿಗೆ ಇನ್ನೊಬ್ಬ ಎಂದು ಮಾಡಿ ಮೊದಲನೆಯವನನ್ನು ಬಿಟ್ಟದ್ದು ಮಾತ್ರ ಸರಿ ಕಾಣಲಿಲ್ಲ.

ಇದು ಒಂದು ಹಾಡಿನ ಕಥೆಯೂ ಅಲ್ಲ. ಎಲ್‌ಪಿಯಲ್ಲಿರುವ ಹತ್ತು ಹಾಡುಗಳನ್ನು ಸಿನಿಮಾದ ಜತೆ ಇಟ್ಟು ಕೇಳುತ್ತ ಹೋದೆ. ‘ಕೌಂಟ್‌ಡೌನ್ ಟು ಲವ್’ ಸಿನಿಮಾದಲ್ಲಿ ಮತ್ತೆ ಫೋರ್ಡನದು, ರೆಕಾರ್ಡಿನಲ್ಲಿ ಗ್ರೆಗ್ ಫಿಲಿಂಗೇನ್ಸ್‌ದು. ಸ್ಟೀವಿ ನಿಕ್ಸ್ ಬರೆದ ‘ಸಾರ್ಸರರ್’ ಸಿನಿಮಾದಲ್ಲಿ ಲಾರಿ ಸಾರ್ಜೆಂಟ್ ಎಂಬಾಕೆಯದು, ರೆಕಾರ್ಡಿನಲ್ಲಿ ಮ್ಯಾರಿಲಿನ್ ಮಾರ್ಟಿನ್‌ಳದು. ಈ ಮಾರ್ಟಿನ್ ಮರುವರ್ಷ ಫಿಲ್ ಕಾಲಿನ್ಸ್ ಜತೆ ಹಾಡಿದ ಯುಗಳಗೀತೆ ನಂಬರ್ ಒನ್ ಆಯಿತು. ಇನ್ನು ಡಯಾನ್ ಲೇನ್ ಹಾಡುವಂತೆ ಕಾಣುವ ಜಿಮ್ ಸ್ಟೈನ್‌ಮನ್ ಬರೆದ ಎರಡು ಭಾರೀ ಹಾಡುಗಳಲ್ಲಿ ಇರುವುದು ಸಾರ್ಜೆಂಟ್ ಮತ್ತು ಹಾಲಿ ಶೆರ್ವುಡ್ ಇಬ್ಬರ ಕಂಠದ ಬೆರಕೆ. ರೆಕಾರ್ಡಿನ ಮೇಲೆ ಅವರ ಹೆಸರಿನ ಜಾಗದಲ್ಲಿ ‘ಫೈರ್ ಇಂಕ್’ ಎಂಬ ತಂಡದ ಹೆಸರು. ಆ ತಂಡ ಇದ್ದದ್ದೇ ಈ ರೆಕಾರ್ಡಿಗಾಗಿ.

ಫೋರ್ಡನ ಕಂಠ ಸಿಂಗಲ್ಲಿನ ಹಿಂಬದಿಯಲ್ಲಾದರೂ ಇದ್ದೀತೇ ಎಂಬ ಆಸೆಯಿಂದ ಏಳಿಂಚಿನ ರೆಕಾರ್ಡನ್ನೂ ತರಿಸಿದೆ. ಅಮೆರಿಕದ 45 ಆರ್‌ಪಿಎಂ ರೆಕಾರ್ಡುಗಳ ನಡುವಿನ ತೂತು ದೊಡ್ಡದು, ಒಂದೂವರೆ ಇಂಚಿನಷ್ಟು. ನಮ್ಮ ಪ್ಲೇಯರಿನ ಸಣ್ಣ ಕಡ್ಡಿಗೆ ಅದು ಕೂರಬೇಕಾದರೆ ನಡುವೆ ಬಿಲ್ಲೆಯೊಂದನ್ನು ಇಡಬೇಕು. ಬೆಂಗಳೂರಿನಲ್ಲಿ ಹಳೇ ರೆಕಾರ್ಡು ಮಾರುವವರೊಬ್ಬರು ಡಬ್ಬಿಯೊಳಗೆ ಕೈಯಾಡಿಸಿ ಪ್ಲಾಸ್ಟಿಕ್ಕಿನದೊಂದನ್ನು ಹುಡುಕಿ ಕೊಟ್ಟರು, ದುಡ್ಡು ಬೇಡವೆಂದರು. ಮುಂಬದಿಯಲ್ಲಿ ಹಾರ್ಟ್‌ಮನ್. ಮಗುಚಿ ಹಾಕಿದೆ. ‘ದಿ ಬ್ಲಾಸ್ಟರ್ಸ್’ ಎಂಬ ಇನ್ನೊಂದು ತಂಡದ ‘ಬ್ಲೂ ಶ್ಯಾಡೋಸ್’. ಅದೂ ಈ ಚಿತ್ರದ್ದೇ, ಚೆನ್ನಾಗಿಯೂ ಇದೆ, ನನಗೆ ಬೇಕಾದದ್ದಲ್ಲ.

ಉಳಿದ ದಾರಿ ಎಂದರೆ ಟೇಪನ್ನು ನಾನೇ ಸರಿಮಾಡುವುದು. ಡಿಸ್ಕಿನಲ್ಲಿ ಸ್ಪಷ್ಟವಾಗಿಯೇ ಕೇಳುವಾಗ ಈ ತಲೆಬಿಸಿ ಯಾಕೆ ಎಂದು ಮನೆಯಲ್ಲಿ ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಟೇಪಿನ ಹಾಡು ಡಿಸ್ಕಿಗಿಂತ ಎರಡು ಸ್ವರಸ್ಥಾನದಷ್ಟು ಮೇಲಿತ್ತು. ಹಾರ್ಮೋನಿಯಮ್ಮಿನ ಬಿಳಿ ಮನೆಗಳನ್ನು ಎಣಿಸುವ ಯಕ್ಷಗಾನದವರ ಲೆಕ್ಕದಲ್ಲಿ ಬಿಳಿ ನಾಲ್ಕರ ಶ್ರುತಿ ಬಿಳಿ ಐದಕ್ಕೆ ಏರಿತ್ತು. ಯಾಕೆ ಎಂದು ತಿಳಿಯದೆ ಬಿಡಲು ಮನಸ್ಸಾಗಲಿಲ್ಲ.

ಮೊದಲ ಅನುಮಾನ ಬ್ಯಾಟರಿ. ಕ್ಯಾಸೆಟ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸೆಲ್ಲು ಸೋತು ರೆಕಾರ್ಡರಿನ ಮೋಟರ್ ನಿಧಾನವಾದರೆ, ಅದರಲ್ಲಿ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲ ಚುರುಕಾಗಿ, ಚೀರಿದಂತೆ ಕೇಳುತ್ತದೆ. ಎಷ್ಟು ಚುರುಕಾಗಿದೆ ಎಂದು ಅಳೆಯಲು ಸ್ಟೆಬಿಲೈಸರಿನ ಗುಂಯ್ ಒದಗಿತು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಅದರ ಇಮ್ಮಡಿಯಲ್ಲಿ, ಅಂದರೆ 100 ಹರ್ಟ್ಸ್. ಹಾಡು ನಿಂತ ಜಾಗದ ಸದ್ದನ್ನು ಆಡಾಸಿಟಿ ತಂತ್ರಾಂಶದಲ್ಲಿ ಕಂಪನಾಂಕಗಳಾಗಿ ಬಿಡಿಸಿ ನೋಡಿದರೆ ಗೂಟ ನಿಂತದ್ದು 106ರಲ್ಲಿ. ಆರು ಪರ್ಸೆಂಟ್ ಇಳಿಸಿದೆ. ಹಾಡು ಇನ್ನೂ ಡಿಸ್ಕಿಗಿಂತ ಮೇಲೆಯೇ ಇತ್ತು.

ಎರಡನೆಯ ಕಾರಣ ಹೊಳೆಯಲು ವಿಸಿಆರ್ ಕಾಲಕ್ಕೆ ಹೋಗಬೇಕಾಯಿತು. ಸಿನಿಮಾ ರೀಲು ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ನಮ್ಮ ದೇಶದ ಟಿವಿ ಆಗ ಪಾಲ್ ಎಂಬ ಪದ್ಧತಿಯದಾಗಿತ್ತು, ಸೆಕೆಂಡಿಗೆ 25 ಚಿತ್ರ. ಪಾಲ್ ವೀಡಿಯೊ ಕ್ಯಾಸೆಟ್ ಮಾಡುವಾಗ ಸಿನಿಮಾವನ್ನೇ ತುಸು ಬೇಗ ಓಡಿಸಿಬಿಡುತ್ತಿದ್ದರು. ನಾಲ್ಕು ಪರ್ಸೆಂಟಿಗೆ ಸ್ವಲ್ಪ ಹೆಚ್ಚು ವೇಗ, ಅಷ್ಟೇ ಶ್ರುತಿ ಏರಿಕೆ. ಎಂಬತ್ತರ ದಶಕದಲ್ಲಿ ವೀಡಿಯೊದಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿದ ನಾವೆಲ್ಲ ಆ ನಟರ ಕಂಠವನ್ನು ಮುಕ್ಕಾಲು ಸ್ವರಸ್ಥಾನದಷ್ಟು ಮೇಲೆಯೇ ಕೇಳಿದವರು! ಅದನ್ನೂ ಇಳಿಸಿದೆ. ಆದರೂ ಎರಡು ಪರ್ಸೆಂಟಿನಷ್ಟು ಉಳಿಯಿತು.

ಇದು ಬಹಳ ಕಾಡಿತು. ಡಿಸ್ಕಿನ ಹಾಡನ್ನೇ ಅಳತೆಗೋಲಾಗಿಟ್ಟು ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದಾಗ, ಸ್ಟೆಬಿಲೈಸರ್ ಆ ರಾತ್ರಿ ಗುಂಯ್‌ಗುಟ್ಟಿದ್ದು ನೂರರಲ್ಲಿ ಅಲ್ಲ, ತೊಂಬತ್ತೆಂಟರ ಆಸುಪಾಸಿನಲ್ಲಿ ಎಂದು ಬಂತು. ಅಂದರೆ ಸಾಗರದ ಕರೆಂಟೇ ಅಂದು 49ಕ್ಕೆ ಇಳಿದಿತ್ತು. ವಿದ್ಯುತ್ತಿನ ಬೇಡಿಕೆ ಉತ್ಪಾದನೆಯನ್ನು ಮೀರಿದಾಗ ಇಡೀ ಜಾಲದ ಜನರೇಟರುಗಳು ನಿಧಾನವಾಗುತ್ತವೆ. ಆ ವರ್ಷಗಳಲ್ಲಿ ಕಂಪನಾಂಕ 50ರಿಂದ ಕೆಳಗೆ ಜಾರುವುದು ಮಾಮೂಲು ಸಂಗತಿ. ಲಿಂಗನಮಕ್ಕಿ ಅಣೆಕಟ್ಟು ಇರುವುದು ನಮ್ಮ ತಾಲೂಕಿನಲ್ಲೇ, ಆದರೂ ಕರೆಂಟು ಸೊರಗುತ್ತಿದ್ದ ಕಾಲ. ಮಾವನಿಗೆ ಈ ಲೆಕ್ಕ ಹೇಳಿದೆ. “ಅದಕ್ಕೇ ಸ್ಟೆಬಿಲೈಸರ್ ಇಟ್ಟಿದ್ದು” ಅಂದರು. ಸ್ಟೆಬಿಲೈಸರ್ ವೋಲ್ಟೇಜ್ ಸರಿಮಾಡುತ್ತದೆಯೇ ಹೊರತು ಕಂಪನಾಂಕವನ್ನಲ್ಲ ಎಂದು ವಾದಿಸಲು ಹೋಗಲಿಲ್ಲ.

ಮೂರೂ ಕಾರಣ ಕೂಡಿ ಹಾಡು ಹನ್ನೆರಡು ಪರ್ಸೆಂಟಿಗೂ ಹೆಚ್ಚು ಚುರುಕಾಗಿತ್ತು. ಅಷ್ಟನ್ನೂ ಇಳಿಸಿದ ಮೇಲೆ ಟೇಪೂ ಡಿಸ್ಕೂ ಹೆಗಲಿಗೆ ಹೆಗಲು ಕೊಟ್ಟು ಓಡಿದವು. ವೇಗ ಸರಿಮಾಡಿದ್ದನ್ನು ಮತ್ತೆ ಆ್ಯಪ್‌ಗೆ ಕೇಳಿಸಿದೆ. ಈಗಲೂ ಏನೂ ಸಿಗಲಿಲ್ಲ. ಫೋರ್ಡನ ಮುದ್ರಣ ಅದರ ಉಗ್ರಾಣದಲ್ಲೇ ಇಲ್ಲದ ಮೇಲೆ ಎಲ್ಲಿಂದ ಸಿಗಬೇಕು.

ಯಾವುದು ಮೇಲು ಎಂದು ಕೇಳಿದರೆ, ರೆಕಾರ್ಡಾಗಿ ಹಾರ್ಟ್‌ಮನ್‌ನದೇ. ಒಪ್ಪಲು ನನಗೆ ಸಂಕಟವಿಲ್ಲ. ಅವನು ಸ್ಟುಡಿಯೊದ ಮನುಷ್ಯ. 1972ರಲ್ಲಿ ಎಡ್ಗರ್ ವಿಂಟರ್ ತಂಡ ಸೇರಿ ಬಾಸ್ ಗಿಟಾರ್ ನುಡಿಸಿದವನು, ಆ ತಂಡಕ್ಕೆ ‘ಫ್ರೀ ರೈಡ್’ ಬರೆದವನು. ಡಿಸ್ಕೊ ಕಾಲದಲ್ಲಿ ‘ಇನ್‌ಸ್ಟಂಟ್ ರಿಪ್ಲೇ’, ‘ರಿಲೈಟ್ ಮೈ ಫೈರ್’ ಮಾಡಿದವನು. ಜೇಮ್ಸ್ ಬ್ರೌನ್‌ಗೆ 1985ರಲ್ಲಿ ‘ಲಿವಿಂಗ್ ಇನ್ ಅಮೆರಿಕ’ ಬರೆದವರಲ್ಲಿ ಒಬ್ಬನು. ಅದೂ ಸಿನಿಮಾ ಹಾಡೇ, ‘ರಾಕಿ 4’ರದು. ಲೊಲೀಟಾ ಹಾಲೊವೇಗೆ ಅವನು ಮಾಡಿಕೊಟ್ಟ ‘ಲವ್ ಸೆನ್ಸೇಷನ್’ ಹಾಡಿನ ತುಣುಕನ್ನು 1989ರಲ್ಲಿ ಇಟಲಿಯ ‘ಬ್ಲ್ಯಾಕ್ ಬಾಕ್ಸ್’ ತಂಡ ಎತ್ತಿಕೊಂಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಅಲ್ಲೂ ವೀಡಿಯೊದಲ್ಲಿ ತುಟಿ ಆಡಿಸಿದವಳು ಹಾಲೊವೇ ಅಲ್ಲ, ಒಬ್ಬ ಮಾಡೆಲ್. ಹಾರ್ಟ್‌ಮನ್ ಬರೆದ ಹಾಡುಗಳಿಗೆ ಈ ಗ್ರಹಚಾರ ಇತ್ತೋ ಏನೋ. 1994ರ ಮಾರ್ಚಿನಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡ. ಅದಕ್ಕೆ ಕೆಲವೇ ತಿಂಗಳ ಹಿಂದೆ ‘ಟೇಕ್ ದಟ್’ ತಂಡ ಮತ್ತು ಲುಲು ಹಾಡಿದ ‘ರಿಲೈಟ್ ಮೈ ಫೈರ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು.

ಆದರೂ ಕಾರಿನಲ್ಲಿ ಹಾಕಿಕೊಳ್ಳುವುದು ಫೋರ್ಡನದನ್ನೇ. ಹಾರ್ಟ್‌ಮನ್ ಆ ಹಾಡನ್ನು ಕಿವಿಯ ಹತ್ತಿರ ಬಂದು ಹೇಳುತ್ತಾನೆ. ಫೋರ್ಡ್ ಹಾಡುವುದು ತುಂಬಿದ ಸಭೆಯ ಕೊನೆಯ ಸಾಲಿಗೆ. ಬಿಡುಗಡೆಗೆ ಯೋಗ್ಯವಾದ ಗಾಯನ ಅದು. ಎಲ್‌ಪಿಯಲ್ಲಿ ಹನ್ನೊಂದನೆಯ ಹಾಡಾಗಿ ಸೇರಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಬೇರೆ ಯಾವುದೋ ಪಿಕ್ಚರಿನ ನಾಲ್ಕು ಹಾಡುಗಳಿವೆ. ಅದನ್ನು ತುಂಬುವ ಹೊತ್ತಿಗೆ ಮಾವ ಹೊಸ ಸೆಲ್ಲು ಹಾಕಿರಬೇಕು, ಸ್ಟೆಬಿಲೈಸರ್ 99ರಲ್ಲಿ ಗುಂಯ್‌ಗುಡುತ್ತಿದೆ. ಹೆಂಗಸಿನ ಕಂಠ, ಸ್ಯಾಕ್ಸೊಫೋನ್ ಇದೆ. ಗುನುಗಿ ನೋಡಿದೆ, ಫೋನು ತೋರಿಸಿದ ಪಟ್ಟಿಯಲ್ಲಿ ಯಾವುದೂ ಕೂಡಿಬರಲಿಲ್ಲ. ಮಾವನಿಗೆ ಆ ಪಿಕ್ಚರಿನ ಬಗ್ಗೆ ನೆನಪಿರುವುದು ಒಂದೇ: ನಡುವೆ ಕರೆಂಟು ಹೋಗಿ, ಕೊನೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲವಂತೆ.